ರಾಜೀನಾಮೆ ಬರೆಯಬೇಡಿ, ರಜೆಯ ಅರ್ಜಿ ಬರೆಯಿರಿ

ಕೆಲಸಕ್ಕೆ ಹೋಗುವ ಹೆಂಗಸು ಬಸುರಿ ಎಂದು ಗೊತ್ತಾದ ಮೇಲೆ ನಮ್ಮ ಕಡೆ ಯಾರೂ ಅವಳನ್ನು ಬೈದು ಹೊರಗೆ ಹಾಕುವುದಿಲ್ಲ. ಮಾತು ಬಹಳ ಮೆದುವಾಗಿ ಬರುತ್ತದೆ. "ಇನ್ನು ನಿಮಗೆ ಕಷ್ಟ ಆಗ್ತದೆ ಅಕ್ಕಾ. ಹೆರಿಗೆ, ಬಾಣಂತನ ಎಲ್ಲ ಮುಗಿಸಿ ಬನ್ನಿ, ಮತ್ತೆ ನೋಡುವ. ಸದ್ಯಕ್ಕೆ ಒಂದು ರಾಜೀನಾಮೆ ಬರೆದುಕೊಡಿ, ಲೆಕ್ಕಕ್ಕೆ ಬೇಕು." ಕೇಳಿದವರಿಗೆ ಅದು ಕಾಳಜಿಯ ಮಾತಿನಂತೆಯೇ ಕೇಳುತ್ತದೆ. ಮನೆಯವರೂ ಹೂಂ ಅನ್ನುತ್ತಾರೆ. ಅರ್ಧ ಹಾಳೆಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಬರುತ್ತಾರೆ. ಆ ಎರಡು ಸಾಲಿಗೆ ಅವರು ತೆರುವ ಬೆಲೆ ಸುಮಾರು ಆರು ತಿಂಗಳ ಸಂಬಳ, ಮತ್ತು ಕೆಲಸ.

ದಕ್ಷಿಣ ಕನ್ನಡದ ಆಲಂಕಾರಿನಿಂದ ಬೆಳಗ್ಗೆ ಬಸ್ಸು ಹತ್ತಿ ಪುತ್ತೂರು, ಉಪ್ಪಿನಂಗಡಿ, ಕಡಬದ ಕಡೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಈಗ ಕಡಿಮೆಯೇನಲ್ಲ. ಜವಳಿ ಅಂಗಡಿ, ಔಷಧಿ ಅಂಗಡಿ, ನರ್ಸಿಂಗ್ ಹೋಂ, ಖಾಸಗಿ ಶಾಲೆ, ಸಹಕಾರಿ ಸಂಘ, ಗೇರುಬೀಜದ ಫ್ಯಾಕ್ಟರಿ ಹೀಗೆ ಒಬ್ಬೊಬ್ಬರದು ಒಂದೊಂದು ಕಡೆ. ಇವರಲ್ಲಿ ಹೆಚ್ಚಿನವರಿಗೆ ಹೆರಿಗೆ ರಜೆ ಎಂದರೆ ಸರಕಾರಿ ನೌಕರಿಯವರಿಗೆ ಸಿಗುವಂಥದ್ದು ಎಂಬ ನಂಬಿಕೆ ಇದೆ. ಅದು ತಪ್ಪು. ಈ ಲೇಖನ ಇವರಿಗಾಗಿ.

ಕಾನೂನಿನ ಹಿನ್ನೆಲೆ ಎರಡೇ ಮಾತಿನಲ್ಲಿ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ 1930ರ ದಶಕದಲ್ಲೇ ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಸೌಲಭ್ಯದ ಕಾಯ್ದೆ ಬಂದಿತ್ತು. ದೇಶಕ್ಕೆಲ್ಲ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿ 12 ವಾರದ ರಜೆಯನ್ನು 26 ವಾರಕ್ಕೆ ಏರಿಸಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆ ಅದರೊಳಗೆ ಸೇರಿದೆ. ಹೆಸರು ಮತ್ತು ಸೆಕ್ಷನ್ ನಂಬರು ಬದಲಾಗಿವೆ, ಹಕ್ಕುಗಳ ತಿರುಳು ಹಾಗೆಯೇ ಇದೆ. "ಆ ಕಾಯ್ದೆ ಈಗ ಇಲ್ಲವಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾಗದಕ್ಕೆ ಯಾಕೆ ಇಷ್ಟು ಬಲ

ಹೆರಿಗೆ ರಜೆ ಧಣಿಗಳು ಖುಷಿಯಿಂದ ಕೊಡುವ ಉಡುಗೊರೆಯಲ್ಲ. ಎರಡು ಸಂಗತಿ ಸಾಬೀತಾದರೆ ಅದು ತಾನಾಗಿ ಹುಟ್ಟುವ ಹಕ್ಕು. ಒಂದು, ನೀವು ಗರ್ಭಿಣಿ. ಇನ್ನೊಂದು, ಹೆರಿಗೆಗೆ ವೈದ್ಯರು ಕೊಟ್ಟ ದಿನಾಂಕದ ಹಿಂದಿನ 12 ತಿಂಗಳಲ್ಲಿ ನೀವು ಆ ಸಂಸ್ಥೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ್ದೀರಿ. ಸಂಬಳ ಸಹಿತ ರಜಾದಿನಗಳೂ ಈ 80ರಲ್ಲಿ ಸೇರುತ್ತವೆ. "ನಿಮಗೆ ಒಂದು ವರ್ಷ ಆಗಿಲ್ಲ" ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವೇ ಇಲ್ಲ. "ನೀವಿನ್ನೂ ಟ್ರೈನಿಂಗಿನಲ್ಲಿದ್ದೀರಿ", "ನೀವು ದಿನಗೂಲಿ", "ನೀವು ಕಾಂಟ್ರಾಕ್ಟ್" ಎಂಬುದಕ್ಕೂ ಅಷ್ಟೇ. ಮಸ್ಟರ್ ರೋಲಿನಲ್ಲಿ ದಿನಗೂಲಿಗೆ ದುಡಿಯುವ ಹೆಂಗಸರಿಗೂ ಹೆರಿಗೆ ಸೌಲಭ್ಯ ಸಿಗಬೇಕು ಎಂದು ದೆಹಲಿ ನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲಿ ಹೇಳಿತು. ರಜೆಯ ನಡುವೆ ಗುತ್ತಿಗೆಯ ಅವಧಿ ಮುಗಿದರೂ ಸೌಲಭ್ಯ ಪೂರ್ತಿ ಸಿಗಬೇಕು ಎಂದು ಡಾ. ಕವಿತಾ ಯಾದವ್ ಪ್ರಕರಣದಲ್ಲಿ 2023ರಲ್ಲಿ ಹೇಳಿತು. ನಮ್ಮದೇ ಕರ್ನಾಟಕ ಹೈಕೋರ್ಟ್ 2021ರಲ್ಲಿ, ಹೆರಿಗೆ ರಜೆ ಕೇಳಿದ ಗುತ್ತಿಗೆ ನೌಕರಳೊಬ್ಬಳನ್ನು ತೆಗೆದುಹಾಕಿದ್ದನ್ನು ರದ್ದು ಮಾಡಿ, ಅವಳನ್ನು ಮತ್ತೆ ಸೇರಿಸಿಕೊಂಡು ಅರ್ಧ ಹಿಂಬಾಕಿ ವೇತನ ಕೊಡುವಂತೆ ಆದೇಶಿಸಿತು.

ಇಂಥ ಹಕ್ಕನ್ನು ಕೇಳಿ ಪಡೆಯಲು ಕೈಯಲ್ಲಿ ದಾಖಲೆ ಇರಬೇಕು. ರಾಜೀನಾಮೆ ಪತ್ರ ಈ ಲೆಕ್ಕವನ್ನೇ ತಿರುಗಿಸಿಬಿಡುತ್ತದೆ. ಧಣಿಗಳು ತೆಗೆದರೆ ಅದು ಕಾನೂನುಬಾಹಿರ. ನೀವೇ ಬಿಟ್ಟರೆ ಕೇಳುವವರಿಲ್ಲ. ಗರ್ಭಿಣಿಯನ್ನು ಕೆಲಸದಿಂದ ತೆಗೆಯುವುದರ ಬದಲು ಅವಳ ಕೈಯಿಂದಲೇ ಬರೆಸಿಕೊಳ್ಳುವುದು ಇದೇ ಕಾರಣಕ್ಕೆ.

ನಿಮಗೆ ಇದು ಅನ್ವಯಿಸುತ್ತದೆಯೇ?

ಕಾರ್ಖಾನೆ, ಗಣಿ, ತೋಟ, ಮತ್ತು 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ ಹಾಗೂ ಸಂಸ್ಥೆಗಳಿಗೆ ಈ ಕಾನೂನು ಅನ್ವಯ. ಹತ್ತು ಜನ ಎಂದರೆ ಹತ್ತು ಹೆಂಗಸರಲ್ಲ. ಗೋದಾಮಿನ ಹುಡುಗ, ಡ್ರೈವರ್, ವಾಚ್‌ಮನ್, ಗುಡಿಸುವ ಅಮ್ಮ ಎಲ್ಲ ಸೇರಿ ಹತ್ತು. ಎಣಿಸಿ ನೋಡಿ. ಚಿಕ್ಕದೆಂದು ಕಾಣುವ ಎಷ್ಟೋ ಅಂಗಡಿಗಳು ಈ ಲೆಕ್ಕದೊಳಗೆ ಬರುತ್ತವೆ. ಖಾಸಗಿ ಶಾಲೆಗಳ ವಿಷಯದಲ್ಲಿ ಹಳೆಯ ಕಾಯ್ದೆಯ ಕಾಲದಲ್ಲಿ ವಾದ ವಿವಾದ ಇತ್ತು. ಹೊಸ ಸಂಹಿತೆ ಸಂಸ್ಥೆ ಎಂಬುದಕ್ಕೆ ಕೊಟ್ಟಿರುವ ಅರ್ಥ ವಿಶಾಲವಾಗಿದೆ, ಯಾವುದೇ ಉದ್ದಿಮೆ, ವ್ಯಾಪಾರ ಅಥವಾ ವೃತ್ತಿ ನಡೆಯುವ ಜಾಗ ಅದರಲ್ಲಿ ಬರುತ್ತದೆ. ಶಿಕ್ಷಕಿಯರು "ನಮಗಿಲ್ಲ" ಎಂದು ಮೊದಲೇ ಕೈಬಿಡದೆ ಅರ್ಜಿ ಕೊಡಲೇಬೇಕು.

ನಿಮ್ಮ ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದು ನೌಕರರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ಕಡಿತ ಆಗುತ್ತಿದ್ದರೆ ದಾರಿ ಸ್ವಲ್ಪ ಬೇರೆ. ಆಗ ಹಣ ಕೊಡುವುದು ಧಣಿಗಳಲ್ಲ, ಇಎಸ್‌ಐ ನಿಗಮ. 26 ವಾರ ಪೂರ್ತಿ ಸಂಬಳದ ಲೆಕ್ಕದಲ್ಲಿ ಬರುತ್ತದೆ. ಇದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಆ ಭತ್ಯೆ ಪಡೆಯುವ ಕಾಲದಲ್ಲಿ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ. ಆದ್ದರಿಂದ ಮೊದಲು ಸಂಬಳದ ಚೀಟಿ ತೆಗೆದು ಇಎಸ್‌ಐ ಸಾಲು ಇದೆಯೇ ನೋಡಿ. ಕಡಿತ ಆಗಿಯೂ ಕಟ್ಟದೆ ಇರುವ ಧಣಿಗಳಿದ್ದಾರೆ. ಇಎಸ್‌ಐ ಉಚಿತ ದೂರವಾಣಿ 1800-11-2526ಕ್ಕೆ ನಿಮ್ಮ ವಿಮಾ ನಂಬರ್ ಹೇಳಿ ವಿಚಾರಿಸಿ.

ಸುಳ್ಯ, ಪುತ್ತೂರು ಭಾಗದಲ್ಲಿ ಇನ್ನೊಂದು ದೊಡ್ಡ ವರ್ಗ ಇದೆ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ಹೆಂಗಸರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಸಿಲೋನಿನಿಂದ ಬಂದ ತಮಿಳು ಕುಟುಂಬಗಳವರು ಇವರಲ್ಲಿ ಬಹಳ. ನಸುಕಿನಲ್ಲಿ ಎದ್ದು, ಇಳಿಜಾರಿನಲ್ಲಿ ಮರದಿಂದ ಮರಕ್ಕೆ ನಡೆದು, ರಬ್ಬರ್ ಹಾಲಿನ ಬಕೆಟ್ ಹೊತ್ತು ಬರುವ ಕೆಲಸ ಅದು. ತೋಟ ಕಾರ್ಮಿಕರಿಗೆ ಈ ಕಾನೂನು ಮೊದಲಿನಿಂದಲೂ ಇದೆ. ಅಷ್ಟೇ ಅಲ್ಲ, ದಿನಗೂಲಿಯವರೆಲ್ಲರಿಗೂ ಉಪಕಾರವಾದ ಒಂದು ತೀರ್ಪು ಬಂದದ್ದೇ ತಮಿಳುನಾಡಿನ ತೋಟವೊಂದರ ಕಾರ್ಮಿಕ ಮಹಿಳೆಯಿಂದ. ಭಾನುವಾರ ಕೂಲಿ ಇಲ್ಲವಲ್ಲ, ಹೆರಿಗೆ ಭತ್ಯೆಯಲ್ಲಿ ಭಾನುವಾರಗಳನ್ನು ಕಳೆಯುತ್ತೇವೆ ಎಂದು ತೋಟದವರು ಹೇಳಿದ್ದರು. ವಾರ ಎಂದರೆ ಏಳು ದಿನ, ಭಾನುವಾರವೂ ಸೇರಿ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಇದರ ಬೆಲೆ ಎಷ್ಟು ಎಂದು ನೋಡಿ. ದಿನಕ್ಕೆ 600 ರೂಪಾಯಿ ಕೂಲಿ ಇದ್ದರೆ 26 ವಾರದ 182 ದಿನಕ್ಕೆ 1,09,200 ರೂಪಾಯಿ. ಭಾನುವಾರ ಬಿಟ್ಟು ಲೆಕ್ಕ ಹಾಕಿದರೆ 93,600. ವ್ಯತ್ಯಾಸ 15,600 ರೂಪಾಯಿ. ಲೆಕ್ಕದ ಚೀಟಿ ಕೈಗೆ ಬಂದಾಗ ದಿನಗಳನ್ನು ನೀವೇ ಎಣಿಸಬೇಕು ಎನ್ನುವುದು ಇದಕ್ಕೇ.

ನಿಮಗೆ ಸಿಗಬೇಕಾದದ್ದು

ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ 26 ವಾರ. ಅದರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ, ಹೆರಿಗೆಗೆ ಮೊದಲು 6. ಮೂರನೆಯದಕ್ಕೆ ಏನೂ ಇಲ್ಲ ಎಂಬ ಮಾತು ಸುಳ್ಳು. ಗರ್ಭಪಾತವಾದರೆ 6 ವಾರ. ಸಂತಾನಹರಣ ಶಸ್ತ್ರಚಿಕಿತ್ಸೆಗೆ 2 ವಾರ. ಗರ್ಭದಿಂದಲೋ ಹೆರಿಗೆಯಿಂದಲೋ ಕಾಯಿಲೆಯಾದರೆ ವೈದ್ಯರ ಚೀಟಿಯ ಮೇಲೆ ಇನ್ನೂ ಒಂದು ತಿಂಗಳವರೆಗೆ. ಹೆರಿಗೆಯ ಮೊದಲಿನ ಮತ್ತು ನಂತರದ ಆರೈಕೆಯನ್ನು ಸಂಸ್ಥೆಯೇ ಉಚಿತವಾಗಿ ನೋಡಿಕೊಳ್ಳದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ವಿರಾಮ, ಮಾಮೂಲಿ ಊಟದ ವಿರಾಮ ಬಿಟ್ಟು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ, ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಅವಕಾಶ.

ಒಂದು ಹಕ್ಕಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮಲ್ಲಿ ಅದನ್ನು ಬಳಸುವವರೇ ಇಲ್ಲ. ಹೆರಿಗೆಗೆ ಮೊದಲಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು, ಈ ಅವಧಿಯಲ್ಲಿ ಗರ್ಭಿಣಿಯಿಂದ ಶ್ರಮದ ಕೆಲಸ ಅಥವಾ ಹೆಚ್ಚು ಹೊತ್ತು ನಿಂತು ಮಾಡುವ ಕೆಲಸ ಮಾಡಿಸುವಂತಿಲ್ಲ. ಜವಳಿ ಅಂಗಡಿಯ ಕೆಲಸ ನೋಡಿದವರಿಗೆ ಇದರ ಬೆಲೆ ಗೊತ್ತು. ಬೆಳಗ್ಗೆ ಒಂಬತ್ತೂವರೆಗೆ ಕೌಂಟರಿನ ಹಿಂದೆ ನಿಂತರೆ ಗಿರಾಕಿ ಇರಲಿ ಬಿಡಲಿ ಕೂರುವ ಹಾಗಿಲ್ಲ. ಕೂರಲು ಕುರ್ಚಿಯೂ ಇರುವುದಿಲ್ಲ. ಏಳು ತಿಂಗಳ ಬಸುರಿ ಮೇಲಿನ ಅಟ್ಟದಿಂದ ಸೀರೆಯ ಕಟ್ಟು ಇಳಿಸುತ್ತಾಳೆ, ಸಂಜೆ ಕಾಲು ಊದಿಕೊಂಡು ಚಪ್ಪಲಿ ಹಿಡಿಸುವುದಿಲ್ಲ. ಕಾನೂನು ಇವಳ ಪರವಾಗಿ ಇದೆ. ಆದರೆ ಅದರಲ್ಲಿ ಒಂದು ಷರತ್ತು ಇದೆ, ಅವಳು ಕೇಳಬೇಕು. ಕೇಳದಿದ್ದರೆ ಯಾರೂ ಕೊಡಬೇಕಾಗಿಲ್ಲ. ಹಗುರ ಕೆಲಸ ಕೊಟ್ಟೆವೆಂದು ಸಂಬಳ ಕಡಿಯುವಂತೆಯೂ ಇಲ್ಲ.

ಮಾಡಬೇಕಾದದ್ದು, ಕ್ರಮವಾಗಿ

1. ತಾಯಿ ಕಾರ್ಡ್ ಬೇಗ ಮಾಡಿಸಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಸಾಕು. ಖಾಸಗಿ ಡಾಕ್ಟರರಿಗೆ ತೋರಿಸುವವರೂ ಇದನ್ನು ಬಿಡಬೇಡಿ. ಹೆರಿಗೆಯ ನಿರೀಕ್ಷಿತ ದಿನಾಂಕ ಅದರಲ್ಲಿ ಬರೆದಿರುತ್ತದೆ, ನಿಮ್ಮ ಎಲ್ಲ ಲೆಕ್ಕವೂ ಆ ದಿನಾಂಕದಿಂದ ಹಿಂದೆ ಮುಂದೆ ಹೋಗುತ್ತದೆ. ಆ ಪುಟದ ಫೋಟೋ ತೆಗೆದಿಡಿ.

2. ಕೆಲಸದ ದಾಖಲೆ ಕೂಡಿಸಿ. ನೇಮಕದ ಪತ್ರ ಇಲ್ಲದವರೇ ಹೆಚ್ಚು, ಅದರಿಂದ ಎದೆಗುಂದಬೇಡಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಂಬಳ ಬಿದ್ದ ಪುಟ, ಪಿಎಫ್ ಮೆಸೇಜು, ಹಾಜರಿ ಪುಸ್ತಕದ ಫೋಟೋ, ಗುರುತಿನ ಚೀಟಿ, "ನಾಳೆ ಬೇಗ ಬನ್ನಿ" ಎಂದು ಮ್ಯಾನೇಜರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ಸಾಕ್ಷಿಯೇ. ಸಂಬಳ ಕೈಗೆ ನಗದು ಕೊಡುವಲ್ಲಿ ಪ್ರತಿ ತಿಂಗಳೂ ಅದೇ ದಿನ ಬ್ಯಾಂಕಿಗೆ ಕಟ್ಟುವ ಅಭ್ಯಾಸ ಮಾಡಿ.

3. ನಾಲ್ಕೈದು ತಿಂಗಳಾದಾಗ ಲಿಖಿತವಾಗಿ ತಿಳಿಸಿ. ಹೊಟ್ಟೆ ಕಾಣುವವರೆಗೆ ಮುಚ್ಚಿಡುವುದು ನಮ್ಮ ವಾಡಿಕೆ. ಮನೆಯ ಮಟ್ಟಿಗೆ ಅದು ಸರಿ. ಆದರೆ ಧಣಿಗಳಿಗೆ ಗೊತ್ತೇ ಇಲ್ಲದಿದ್ದರೆ, ತೆಗೆದದ್ದು ಬಸುರಿಯಾದ ಕಾರಣಕ್ಕೆ ಎಂದು ತೋರಿಸುವುದು ಕಷ್ಟ.

4. ರಜೆಯ ನೋಟಿಸ್ ಕೊಡಿ. ಕೆಳಗೆ ಮಾದರಿ ಇದೆ. ಎರಡು ಪ್ರತಿ ಬರೆಯಿರಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ "ತಲುಪಿದೆ" ಎಂದು ಸಹಿ, ದಿನಾಂಕ, ಸೀಲು ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಜಗಳ ಬೇಡ. ಅಂಚೆ ಕಚೇರಿಗೆ ಹೋಗಿ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್ ಮಾಡಿ, ಅದೇ ಪತ್ರದ ಫೋಟೋವನ್ನು ಮ್ಯಾನೇಜರಿಗೆ ವಾಟ್ಸ್‌ಆ್ಯಪ್ ಮಾಡಿ. ಹೆರಿಗೆಗೆ ಮೊದಲು ಕೊಡಲಾಗದಿದ್ದರೆ ಹೆರಿಗೆ ಆದ ಮೇಲೆ ಆದಷ್ಟು ಬೇಗ ಕೊಡಬಹುದು. ನೋಟಿಸ್ ತಡವಾಯಿತೆಂದು ಹಕ್ಕು ಹೋಗುವುದಿಲ್ಲ.

5. ಹಣ ಕೇಳಿ. ಹೆರಿಗೆಗೆ ಮೊದಲಿನ ವಾರಗಳ ಭತ್ಯೆಯನ್ನು ಗರ್ಭಿಣಿ ಎಂಬ ದಾಖಲೆ ಕೊಟ್ಟಾಗ ಮುಂಗಡವಾಗಿ ಕೊಡಬೇಕು. ಉಳಿದದ್ದನ್ನು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ. "ಕೆಲಸಕ್ಕೆ ಮರಳಿ ಬಂದ ಮೇಲೆ ಒಟ್ಟಿಗೆ ಕೊಡುತ್ತೇವೆ" ಎಂಬುದು ಕಾನೂನಿನ ಕ್ರಮವಲ್ಲ. ಭತ್ಯೆಯ ಲೆಕ್ಕ ರಜೆಗೆ ಮುಂಚಿನ ಮೂರು ತಿಂಗಳ ಸರಾಸರಿ ದಿನಗೂಲಿಯ ಮೇಲೆ.

ಪತ್ರ ಹೀಗಿರಲಿ. ಇಲ್ಲಿ ಹೆರಿಗೆಯ ದಿನಾಂಕ 2026ರ ಆಗಸ್ಟ್ 20 ಎಂದು ಇಟ್ಟುಕೊಂಡು ಲೆಕ್ಕ ಹಾಕಿದ್ದೇನೆ, ನಿಮ್ಮ ದಿನಾಂಕಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

"ವ್ಯವಸ್ಥಾಪಕರಿಗೆ,
ವಿಷಯ: ಹೆರಿಗೆ ರಜೆ ಮತ್ತು ಹೆರಿಗೆ ಸೌಲಭ್ಯದ ನೋಟಿಸ್.
ನಾನು 2025ರ ಜೂನ್ 2ರಿಂದ ನಿಮ್ಮ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಾನು ಗರ್ಭಿಣಿಯಾಗಿದ್ದು ವೈದ್ಯರು ಹೆರಿಗೆಯ ದಿನಾಂಕವನ್ನು 20-8-2026 ಎಂದು ತಿಳಿಸಿದ್ದಾರೆ. ತಾಯಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. 9-6-2026ರಿಂದ ರಜೆಯವರೆಗೆ ಹೆಚ್ಚು ಹೊತ್ತು ನಿಲ್ಲುವ ಮತ್ತು ಭಾರ ಎತ್ತುವ ಕೆಲಸದ ಬದಲು ಕುಳಿತು ಮಾಡುವ ಕೆಲಸ ಕೊಡಬೇಕೆಂದು ಕೋರುತ್ತೇನೆ. 25-6-2026ರಿಂದ 23-12-2026ರವರೆಗೆ 26 ವಾರ ಹೆರಿಗೆ ರಜೆಯಲ್ಲಿರುತ್ತೇನೆ. 24-12-2026ರಂದು ಕೆಲಸಕ್ಕೆ ಹಾಜರಾಗುತ್ತೇನೆ. ಈ ಅವಧಿಯಲ್ಲಿ ಬೇರೆ ಯಾವ ಸಂಸ್ಥೆಯಲ್ಲೂ ಕೆಲಸ ಮಾಡುವುದಿಲ್ಲ. ಹೆರಿಗೆ ಸೌಲಭ್ಯದ ಹಣವನ್ನು ನನ್ನ ಬ್ಯಾಂಕ್ ಖಾತೆಗೆ, ನನ್ನಿಂದ ಆಗದಿದ್ದಲ್ಲಿ ನಾನು ಸೂಚಿಸಿರುವ ನನ್ನ ತಾಯಿಗೆ ಪಾವತಿಸಬೇಕು.
ಸಹಿ, ದಿನಾಂಕ."

ಮರಳಿ ಬರುವ ದಿನಾಂಕದ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. "ಅವಳು ಬಿಟ್ಟುಹೋದಳು" ಎಂಬ ಮಾತಿಗೆ ಆ ಒಂದು ಸಾಲೇ ಉತ್ತರ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸೀಮಂತ ಮುಗಿಸಿ ತವರಿಗೆ ಹೊರಡುವುದು ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ಎಡವಟ್ಟು. ಏಳನೇ ತಿಂಗಳಲ್ಲಿ ಸೀಮಂತ, ಅಲ್ಲಿಂದ ನೇರ ಅಮ್ಮನ ಮನೆ. ಸಂಪ್ರದಾಯ ಚೆನ್ನಾಗಿದೆ, ಬಸುರಿಗೆ ಒಂದಿಷ್ಟು ವಿಶ್ರಾಂತಿ ಸಿಗುತ್ತದೆ. ಆದರೆ ಏಳನೇ ತಿಂಗಳೆಂದರೆ ಹೆರಿಗೆಗೆ ಇನ್ನೂ ಹತ್ತು ಹನ್ನೆರಡು ವಾರ ಇರುತ್ತದೆ, ಕಾನೂನು ಹೆರಿಗೆಗೆ ಮೊದಲು ಕೊಡುವುದು ಎಂಟೇ ವಾರ. ನಡುವಿನ ವಾರಗಳಿಗೆ ಗಳಿಕೆ ರಜೆಗೋ ಸಂಬಳವಿಲ್ಲದ ರಜೆಗೋ ಬೇರೆ ಅರ್ಜಿ ಕೊಟ್ಟು ಹೋಗಿ. ಡಾಕ್ಟರರು ವಿಶ್ರಾಂತಿ ಹೇಳಿದ್ದರೆ ಆ ಚೀಟಿ ಲಗತ್ತಿಸಿ. ಏನನ್ನೂ ಬರೆಯದೆ ಹೋದರೆ ಅದು ಹೇಳದೆ ಕೇಳದೆ ಗೈರುಹಾಜರಿಯಾಗಿ ದಾಖಲಾಗುತ್ತದೆ.

ಖಾಲಿ ಕಾಗದಕ್ಕೆ, ಖಾಲಿ ವೋಚರಿಗೆ ಸಹಿ ಹಾಕುವುದು ಎರಡನೆಯದು. ಸೇರುವಾಗಲೇ ಹಾಕಿಸಿಕೊಂಡಿದ್ದಾರೆ ಎಂದಾದರೆ, ಗರ್ಭಿಣಿ ಎಂದು ತಿಳಿಸುವ ಪತ್ರದಲ್ಲೇ "ನಾನು ರಾಜೀನಾಮೆ ಕೊಟ್ಟಿಲ್ಲ, ಕೊಡುವ ಉದ್ದೇಶವೂ ಇಲ್ಲ" ಎಂದು ಬರೆದಿಡಿ.

ರಜೆಯಲ್ಲಿದ್ದಾಗ ಬೇರೆ ಕಡೆ ಕೆಲಸಕ್ಕೆ ಹೋದರೆ ಆ ಅವಧಿಯ ಭತ್ಯೆ ಕೈತಪ್ಪುತ್ತದೆ. ಹೆರಿಗೆಯಾದ ಆರು ವಾರ ಅಂತೂ ಬಾಣಂತಿಯನ್ನು ಕೆಲಸಕ್ಕೆ ಕರೆಯುವುದೇ ಅಪರಾಧ, ಅವಳು ಒಪ್ಪಿದರೂ.

ಇನ್ನೊಂದು ತಪ್ಪು ಮನೆಯವರದು. ಗಂಡನೋ ಮಾವನೋ ಅಂಗಡಿಗೆ ಹೋಗಿ ಮಾತಾಡಿ, ಹತ್ತು ಸಾವಿರ ಕೈಗೆ ತೆಗೆದುಕೊಂಡು "ಎಲ್ಲ ಬಾಕಿ ಚುಕ್ತಾ" ಎಂಬ ಚೀಟಿಗೆ ಇವಳ ಸಹಿ ಹಾಕಿಸುತ್ತಾರೆ. ಪರಿಚಯದವರ ಅಂಗಡಿ, ಮುಖ ಕೆಡಿಸಿಕೊಳ್ಳುವುದು ಬೇಡ ಎಂಬ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಒಂದು ಲಕ್ಷದ ಹಕ್ಕನ್ನು ಸಂಕೋಚಕ್ಕೆ ಕೊಡಬಾರದು. ಅದು ಅವಳ ದುಡಿಮೆಯ ಹಣ. ಆ ಮಾತುಕತೆಯಲ್ಲಿ ಅವಳೇ ಕುಳಿತಿರಬೇಕು.

ತೆಗೆದೇ ಹಾಕಿದರೆ

ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು, ಆ ಅವಧಿಯಲ್ಲಿ ಮುಗಿಯುವಂತೆ ನೋಟಿಸ್ ಕೊಡುವುದು, ಸಂಬಳ ಅಥವಾ ಹುದ್ದೆ ಕಡಿಮೆ ಮಾಡುವುದು ಕಾನೂನುಬಾಹಿರ. ರಜೆಗೆ ಹೋಗುವ ಮೊದಲೇ, ಬಸುರಿಯಾಗಿದ್ದಾಗ ತೆಗೆದರೂ ಭತ್ಯೆ ಮತ್ತು ವೈದ್ಯಕೀಯ ಬೋನಸ್ಸಿನ ಹಕ್ಕು ಹೋಗುವುದಿಲ್ಲ. ಗಂಭೀರ ದುರ್ನಡತೆ ಸಾಬೀತಾಗಿ ಲಿಖಿತ ಆದೇಶ ಆದರೆ ಮಾತ್ರ ಬೇರೆ. ಆದೇಶ ತಲುಪಿದ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಬಾಣಂತನದ ಆಯಾಸದಲ್ಲಿ ಈ 60 ದಿನ ಕಳೆದದ್ದೇ ಗೊತ್ತಾಗುವುದಿಲ್ಲ. ಆದ್ದರಿಂದ ಪತ್ರ ಬಂದ ದಿನವೇ ಲಕೋಟೆಯ ಮೇಲೆ ದಿನಾಂಕ ಬರೆದು ಮನೆಯ ಒಬ್ಬರಿಗೆ ಈ ಜವಾಬ್ದಾರಿ ಒಪ್ಪಿಸಿ.

ಬಾಯಲ್ಲಿ "ನಾಳೆಯಿಂದ ಬರಬೇಡಿ" ಎಂದರೆ ಮರುದಿನವೂ ಹೋಗಿ. ಒಳಗೆ ಬಿಡದಿದ್ದರೆ ಅಲ್ಲಿಂದಲೇ ಒಂದು ಸಂದೇಶ ಕಳಿಸಿ: "ನಾನು ಈ ದಿನ ಇಷ್ಟು ಗಂಟೆಗೆ ಕೆಲಸಕ್ಕೆ ಬಂದಿದ್ದೆ, ನೀವು ಒಳಗೆ ಬಿಡಲಿಲ್ಲ." ಇದು ಜಗಳವಲ್ಲ, ದಾಖಲೆ.

ದೂರು ಎಲ್ಲಿ ಕೊಡುವುದು? ಮೊದಲು ಕಾರ್ಮಿಕ ಇಲಾಖೆ. ಆಲಂಕಾರು, ಕಡಬ ಕಡೆಯವರು ಪುತ್ತೂರಿನ ಕಾರ್ಮಿಕ ನಿರೀಕ್ಷಕರ ಕಚೇರಿಯನ್ನು ಕೇಳಬಹುದು, ಜಿಲ್ಲಾ ಕಚೇರಿ ಮಂಗಳೂರಿನಲ್ಲಿದೆ. ಇಲಾಖೆಯ ಸಹಾಯವಾಣಿ 155214. ಅಧಿಕಾರಿ ವಿಚಾರಣೆ ಮಾಡಿ ಹಣ ಕೊಡಿಸುವ ಆದೇಶವನ್ನೇ ಮಾಡಬಹುದು. ಹೆರಿಗೆ ಸೌಲಭ್ಯ ಕೊಡದ ಮಾಲೀಕರಿಗೆ ಸೆರೆವಾಸ, ದಂಡ ಎರಡೂ ವಿಧಿಸುವ ಅವಕಾಶ ಕಾನೂನಿನಲ್ಲಿದೆ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಪುತ್ತೂರು, ಸುಳ್ಯದ ನ್ಯಾಯಾಲಯಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ.

ಕೆಲಸಕ್ಕೆ ಸೇರುವ ಮೊದಲಿನ ಪ್ರಶ್ನೆಗಳ ಬಗ್ಗೆಯೂ ಒಂದು ಮಾತು. "ಮದುವೆ ಆಗಿದೆಯಾ, ಮಕ್ಕಳು ಯಾವಾಗ" ಎಂದು ಸಂದರ್ಶನದಲ್ಲಿ ಕೇಳುವುದು ನಮ್ಮಲ್ಲಿ ತಪ್ಪೆಂದೇ ಯಾರಿಗೂ ಅನ್ನಿಸುವುದಿಲ್ಲ. ಜೀವ ವಿಮಾ ನಿಗಮದಲ್ಲಿ ಒಮ್ಮೆ ಅರ್ಜಿ ನಮೂನೆಯಲ್ಲೇ ಮುಟ್ಟಿನ ದಿನಾಂಕ, ಗರ್ಭದ ವಿವರ ಕೇಳುವ ಕಾಲಂಗಳಿದ್ದವು. ಅದನ್ನು ಮುಚ್ಚಿಟ್ಟಳೆಂದು ಪ್ರೊಬೇಷನ್‌ನಲ್ಲಿದ್ದ ನೀರಾ ಮಾಥುರ್ ಅವರನ್ನು ಹೆರಿಗೆ ರಜೆ ಮುಗಿಸಿ ಬಂದಾಗ ತೆಗೆದುಹಾಕಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಕೆಲಸಕ್ಕೆ ಸೇರಿಸಿ, ಆ ಕಾಲಂಗಳನ್ನೇ ತೆಗೆಯಲು ಹೇಳಿತು. ಅಂಥ ಪ್ರಶ್ನೆಗೆ "ಅದು ನನ್ನ ಕೆಲಸಕ್ಕೆ ಸಂಬಂಧಿಸಿದ್ದಲ್ಲ ಸರ್" ಎಂದು ಗೌರವದಿಂದಲೇ ಹೇಳಬಹುದು.

ಕಾನೂನಿನ ಹೊರಗೆ ಉಳಿದವರು

ನಾಲ್ಕೈದು ಜನರ ಅಂಗಡಿ, ಹೊಲಿಗೆ ಅಂಗಡಿ, ಸಣ್ಣ ಅಡಿಕೆ ತೋಟದ ಕೂಲಿ, ಮನೆಗೆಲಸ, ಇವರಿಗೆ 26 ವಾರದ ಹಕ್ಕು ಇಲ್ಲ. ಇದು ಕಾನೂನಿನ ದೊಡ್ಡ ಕೊರತೆ. ಅಡಿಕೆ ಸುಲಿಯುವ ಹೆಂಗಸಿನ ಬೆನ್ನು ನೋವು ಕಾರ್ಖಾನೆಯವಳದಕ್ಕಿಂತ ಕಡಿಮೆಯಲ್ಲ. ಇವರಿಗೆ ಈಗ ಇರುವುದು ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ, ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ, ಎರಡನೆಯದು ಹೆಣ್ಣಾದರೆ 6,000. ಅಂಗನವಾಡಿಯಲ್ಲಿ ಅರ್ಜಿ ಕೊಡಬೇಕು. ಕಟ್ಟಡ ಕೆಲಸಕ್ಕೆ ಹೋಗುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದರೆ ಅಲ್ಲಿಂದ ಹೆರಿಗೆ ಸಹಾಯಧನ ಇದೆ. ನೋಂದಣಿಯನ್ನು ಬಸುರಿಯಾದ ಮೇಲೆ ನೆನೆಸಿಕೊಳ್ಳದೆ ಈಗಲೇ ಮಾಡಿಸಿಡಿ.

ಬೀಡಿ ಕಟ್ಟುವವರ ಕಥೆ ಬೇರೆ. 1966ರ ಬೀಡಿ ಕಾರ್ಮಿಕರ ಕಾಯ್ದೆ, ಮನೆಯಲ್ಲೇ ಕೂತು ಬೀಡಿ ಕಟ್ಟುವವರಿಗೂ ಹೆರಿಗೆ ಸೌಲಭ್ಯ ಕಾಯ್ದೆಯನ್ನು ಅನ್ವಯಿಸಿತ್ತು. ಆದರೆ ಒಂದೇ ಮನೆಯಲ್ಲಿ ಅತ್ತೆ, ಸೊಸೆ, ಮಗಳು ಮೂವರು ಕಟ್ಟಿದರೂ ಬೀಡಿ ಕಂಪನಿಯ ಬ್ರಾಂಚಿನ ಪುಸ್ತಕದಲ್ಲಿ ಇರುವುದು ಅತ್ತೆಯ ಹೆಸರು ಮಾತ್ರ. ದಿನಕ್ಕೆ ಐದಾರು ನೂರು ಬೀಡಿ ಕಟ್ಟುವ ಸೊಸೆ ಯಾವ ಲೆಕ್ಕದಲ್ಲೂ ಇಲ್ಲ. ಅವಳಿಗೆ ಬೇಕಾದ ಮೊದಲ ದಾಖಲೆ ಅವಳದೇ ಹೆಸರಿನ ಪುಸ್ತಕ ಮತ್ತು ಪಿಎಫ್ ನಂಬರ್. ಹಳೆಯ ಕಾಯ್ದೆಗಳೆಲ್ಲ ಸಂಹಿತೆಗಳಲ್ಲಿ ವಿಲೀನವಾಗಿರುವ ಈ ಹೊತ್ತಿನಲ್ಲಿ ಪುಸ್ತಕ ಇರುವವರು ತಮ್ಮ ಯೂನಿಯನ್ ಮೂಲಕ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಅಂಗಡಿ, ಶಾಲೆ, ಆಸ್ಪತ್ರೆ ನಡೆಸುವವರು ಇದನ್ನು ಓದುತ್ತಿದ್ದರೆ ನಿಮ್ಮಲ್ಲೂ ಒಂದು ವಿನಂತಿ. ಸಣ್ಣ ವ್ಯಾಪಾರದಲ್ಲಿ ಆರು ತಿಂಗಳ ಸಂಬಳ ಹೊರೆ ಎನ್ನುವುದು ನಿಜ. ಆದರೆ ಹೊರೆ ಇಳಿಸುವ ದಾರಿ ರಾಜೀನಾಮೆ ಬರೆಸುವುದಲ್ಲ. ಹತ್ತು ಜನ ಇದ್ದರೆ ಇಎಸ್‌ಐ ಮಾಡಿಸಿ. ಸಂಬಳದ ಶೇಕಡಾ 3.25 ನೀವು, 0.75 ನೌಕರರು ಕಟ್ಟಿದರೆ ಹೆರಿಗೆಯ ಹಣ ನಿಗಮದಿಂದ ಬರುತ್ತದೆ. ಮತ್ತೆ, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಹೆರಿಗೆ ಸೌಲಭ್ಯಗಳ ಬಗ್ಗೆ ಪ್ರತಿಯೊಬ್ಬ ಮಹಿಳೆಗೂ ಲಿಖಿತವಾಗಿ ತಿಳಿಸಬೇಕಾದದ್ದು ನಿಮ್ಮ ಕರ್ತವ್ಯವೆಂದು 2017ರಿಂದಲೇ ಕಾನೂನು ಹೇಳುತ್ತಿದೆ.

ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳವರು ತಾಯಿ ಕಾರ್ಡ್ ಕೈಗೆ ಕೊಡುವ ದಿನ, ಸಂಘದ ವಾರದ ಸಭೆಯ ದಿನ, ಕೆಲಸಕ್ಕೆ ಹೋಗುವ ಹೆಂಗಸರಿಗೆ ಮೇಲಿನ ಪತ್ರವನ್ನು ಓದಿ ಹೇಳಿ. ಬರೆಯಲು ಬಾರದವರಿಗೆ ಕೂತು ಬರೆದುಕೊಡಿ, ಅವರ ದಿನಾಂಕ ಹಾಕಿ ಎರಡು ಪ್ರತಿ ಮಾಡಿಕೊಡಿ.